ಸಕ್ರಿಯ ಗೆಲಾಕ್ಸಿ ಕೇಂದ್ರಗಳ ರೂಪ ಬದಲಾವಣೆ: ಸಾರ್ವಜನಿಕ ಮಾಹಿತಿ

ಮಾರ್ಚ್-ಏಪ್ರಿಲ್ ತಿಂಗಳ ರಾತ್ರಿ ಉಣಕಲ್ ಕೆರೆಯ ದಂಡೆಯಲ್ಲಿ ನಿಂತು ಉತ್ತರಕ್ಕೆ ನೋಡಿದಲ್ಲಿ ಸಪ್ತರ್ಷಿ ಮಂಡಲ ಕಂಡುಬರುತ್ತದೆ. ಅದರ ನೆರೆಯಲ್ಲಿ ಎನ್‌ಜಿಸಿ 4151 ಎಂಬ ಗೆಲಾಕ್ಸಿಯಿದ್ದು, ಬರಿಗಣ್ಣಿಗೆ ಗೋಚರಿಸುವುದಿಲ್ಲ. ದೂರ ಸುಮಾರು 5 ಕೋಟಿ ಜ್ಯೋತಿರ್ವರ್ಷ. ಇದರ ಕೇಂದ್ರವು ಕಾಲಕಾಲಕ್ಕೆ ರೂಪ ಬದಲಿಸುತ್ತಿದ್ದು, ಈ ಬಗ್ಗೆ ನಾಗರಿಕರ ತಿಳುವಳಿಕೆಗಾಗಿ ಕೆಳಕಂಡ ಮಾಹಿತಿ ನೀಡಲಾಗಿದೆ.

ಸಕ್ರಿಯ ಕೇಂದ್ರ ಎಂದರೇನು?

ದೊಡ್ಡ ಗೆಲಾಕ್ಸಿಗಳ ನಡುವೆ ಬೃಹತ್ ಕಪ್ಪುಕುಳಿಯಿರುತ್ತದೆ. ಅದರೊಳಕ್ಕೆ ಸುತ್ತಿ ಬೀಳುವ ಅನಿಲವು ತಟ್ಟೆಯಾಕಾರದಲ್ಲಿ ಕಾಯ್ದು ಪ್ರಖರವಾಗಿ ಬೆಳಗಿದಾಗ ಆ ಕೇಂದ್ರವನ್ನು ಸಕ್ರಿಯ ಎನ್ನಲಾಗುತ್ತದೆ. ಅಮೆರಿಕದ ಕಾರ್ಲ್ ಸೇಫರ್ಟ್ ಅವರು 1943ರಲ್ಲಿ ಇಂತಹ ಗೆಲಾಕ್ಸಿಗಳನ್ನು ವಿವರಿಸಿದ್ದು, ಎನ್‌ಜಿಸಿ 4151 ಅವುಗಳಲ್ಲೊಂದು.

ಬೆಳಕಿನ ರೋಹಿತದಲ್ಲಿ ಅಗಲವಾದ ರೇಖೆಗಳು ಕಂಡರೆ ಒಂದನೆಯ ವರ್ಗ, ಕಿರಿದಾದ ರೇಖೆಗಳು ಮಾತ್ರ ಕಂಡರೆ ಎರಡನೆಯ ವರ್ಗ. ಕಪ್ಪುಕುಳಿಯ ಸಮೀಪ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಸುತ್ತುವ ಅನಿಲದಿಂದ ಅಗಲ ರೇಖೆ ಉಂಟಾಗುತ್ತದೆ. ನಡುವೆ ಧೂಳಿನ ಉಂಗುರ ಅಡ್ಡ ಬಂದರೆ ಆ ಭಾಗ ಮರೆಯಾಗುತ್ತದೆ. ಅಂದರೆ ವರ್ಗವು ನಾವು ನೋಡುವ ಕೋನವನ್ನು ಅವಲಂಬಿಸಿದೆ, ಆದ್ದರಿಂದ ಶಾಶ್ವತ ಎಂದು ಭಾವಿಸಲಾಗಿತ್ತು.

ಈ ಭಾವನೆ ಪೂರ್ಣ ಸರಿಯಲ್ಲವೆಂದು ಕಂಡುಬಂದಿದೆ. 1980ರ ದಶಕದಲ್ಲಿ ಎನ್‌ಜಿಸಿ 4151ರ ಅಗಲ ರೇಖೆಗಳು ಬಹುತೇಕ ಕಣ್ಮರೆಯಾಗಿ, ನಂತರ ಮರಳಿದವು. ಮಾರ್ಕೇರಿಯನ್ 1018 ಎಂಬ ಗೆಲಾಕ್ಸಿಯು 1979ರಲ್ಲಿ ಎರಡನೆಯ ವರ್ಗಕ್ಕೆ ಹತ್ತಿರವಿದ್ದು, 1984ರ ವೇಳೆಗೆ ಒಂದನೆಯ ವರ್ಗಕ್ಕೆ ಸೇರಿ, 2015ರಲ್ಲಿ ಮೊದಲಿನ ಸ್ಥಿತಿಗೇ ಹಿಂದಿರುಗಿದೆ. ಲೆಕ್ಕಪತ್ರ ಬಲ್ಲವರು ಅಢಾವೆ ಪತ್ರಿಕೆಯನ್ನು ನೆನಪಿಸಿಕೊಳ್ಳಬಹುದು. ಅದು ಮಾರ್ಚ್ 31ಕ್ಕೆ ಇದ್ದ ಸ್ಥಿತಿಯನ್ನಷ್ಟೇ ಹೇಳುತ್ತದೆ.

ಧೂಳಿನ ಮೋಡ ಅಡ್ಡ ಬಂದಿರಬಾರದೇಕೆ?

ಕೆಲವು ಗೆಲಾಕ್ಸಿಗಳಲ್ಲಿ ಹಾಗೆಯೇ ಆಗುತ್ತದೆ. ಆದರೆ ಹಲವು ಪ್ರಕರಣಗಳಲ್ಲಿ ಕೇಂದ್ರವು ಮಂಕಾದ ನಂತರ, ಸುತ್ತಲಿನ ಧೂಳು ಹೊರಸೂಸುವ ಅವಕೆಂಪು ಬೆಳಕೂ ತಡವಾಗಿ ಮಂಕಾಗಿದೆ. ಕೇವಲ ಮರೆಯಾಗಿದ್ದರೆ ಆ ಧೂಳು ಮೊದಲಿನಂತೆಯೇ ಕಾಯುತ್ತಿರಬೇಕಿತ್ತು. ಆದ್ದರಿಂದ ಕಡಿಮೆಯಾದದ್ದು ಕಪ್ಪುಕುಳಿಗೆ ದೊರೆಯುವ ಅನಿಲವೇ ಎಂದು ತಿಳಿಯಲಾಗಿದೆ. ಇಷ್ಟಾದರೂ ಒಂದು ತೊಡಕು ಉಳಿದಿದೆ. ಸರಳ ಲೆಕ್ಕದಂತೆ ತಟ್ಟೆಯಲ್ಲಿ ಇಂತಹ ಬದಲಾವಣೆಗೆ ಸಾವಿರಾರು ವರ್ಷ ಬೇಕು. ಕಂಡದ್ದು ಕೆಲವೇ ವರ್ಷಗಳಲ್ಲಿ. ಕಾರಣ ಇನ್ನೂ ಇತ್ಯರ್ಥವಾಗಿಲ್ಲ.

ಇತ್ಯರ್ಥಕ್ಕೆ ಒಂದೇ ಗೆಲಾಕ್ಸಿಯನ್ನು ಪದೇ ಪದೇ ವೀಕ್ಷಿಸಬೇಕಾಗುತ್ತದೆ. ಲಡಾಖ್‌ನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯು ನಮ್ಮ ರಾಜ್ಯದ ಹೊಸಕೋಟೆಯಿಂದಲೇ ನಿಯಂತ್ರಿಸುತ್ತದೆ. ಇಸ್ರೋ 2015ರ ಸೆಪ್ಟೆಂಬರ್ 28ರಂದು ಉಡಾಯಿಸಿದ ಆಸ್ಟ್ರೋಸ್ಯಾಟ್ ಉಪಗ್ರಹವನ್ನು ನೇರಳಾತೀತ ಹಾಗೂ ಕ್ಷ-ಕಿರಣಗಳಲ್ಲಿ ಏಕಕಾಲಕ್ಕೆ ವೀಕ್ಷಿಸುವಂತೆ ರೂಪಿಸಲಾಗಿದೆ.

ಆಸಕ್ತರು 8 ಅಂಗುಲದ ದೂರದರ್ಶಕದಲ್ಲಿ, ಊರಿನ ದೀಪಗಳಿಂದ ದೂರದಲ್ಲಿ, ಎನ್‌ಜಿಸಿ 4151 ಅನ್ನು ಮಸುಕಾದ ಚುಕ್ಕೆಯಾಗಿ ಕಾಣಬಹುದು. ರೇಖೆಗಳು ಕಾಣುವುದಿಲ್ಲ. ಛಾಯಾಚಿತ್ರ ತೆಗೆಯುವವರು ದಿನಾಂಕ ಮತ್ತು ಸಮಯವನ್ನು ತಪ್ಪದೆ ನಮೂದಿಸತಕ್ಕದ್ದು.