ಯಂತ್ರದ ಲೆಕ್ಕ: ತಾಳೆ ಬೇರೆ, ಒರೆ ಬೇರೆ

ಮುಂಗಾರಿನ ಮೊದಲ ಮಳೆ ಬಿದ್ದೊಡನೆ ‘ಈಗಲೇ ಬಿತ್ತಿರಿ’ ಎಂದು ಮೊಬೈಲಿಗೆ ಬಂದ ಸಂದೇಶ ನಂಬಿ ನಾವೊಮ್ಮೆ ಕೂರಿಗೆ ಹೂಡಿದೆವು. ಮುಂದೆ ಹದಿನೈದು ದಿನ ಮಳೆಯಿಲ್ಲ. ಬೀಜ ಮಣ್ಣಿನಲ್ಲೇ ಕಮರಿತು. ಆ ಸಂದೇಶದ ಹಿಂದೆ ಗಣಕಯಂತ್ರದ ಲೆಕ್ಕವಿತ್ತು. ಅದನ್ನು ನಮ್ಮಂಥ ಮಸಾರಿ ನೆಲದಲ್ಲಿ ಪರೀಕ್ಷಿಸಿದ್ದರೇ ಎಂದು ನಾವೂ ಕೇಳಲಿಲ್ಲ. ಆದಕಾರಣ ಮಕ್ತಲ್ ಸೀಮೆಯ ಒಕ್ಕಲು ಬಂಧುಗಳಲ್ಲಿ ಈ ನಾಲ್ಕು ಮಾತು.

ಮಳೆ, ಬಿಸಿಲು, ಉಷ್ಣತೆ, ನೆಲದ ತೇವ ಇವನ್ನು ದಿನದಿನಕ್ಕೂ ಲೆಕ್ಕಹಾಕಿ, ಪೈರು ಎಂದು ತೆನೆ ಹಾಯುವುದು, ಎಷ್ಟು ಕಾಳು ಕೊಡುವುದು ಎಂದು ಹೇಳುವುದಕ್ಕೆ ಬೆಳೆಯ ಮಾದರಿ ಎನ್ನುತ್ತಾರೆ. ಇದಕ್ಕೆ ಎರಡು ಪರೀಕ್ಷೆಗಳುಂಟು. ಮೊದಲನೆಯದು ತಾಳೆ: ಬರೆದುಕೊಟ್ಟ ಸೂತ್ರದಂತೆಯೇ ಯಂತ್ರ ಲೆಕ್ಕ ಮಾಡಿತೇ? ಎರಡನೆಯದು ಒರೆ: ಬಂದ ಉತ್ತರ ಹೊಲಕ್ಕೆ ಒಪ್ಪುವುದೇ? ಮಗ್ಗಿಯಲ್ಲಿ ತಪ್ಪದ ಹುಡುಗನೂ ಕೂಡಬೇಕಾದಲ್ಲಿ ಕಳೆದು ತಪ್ಪು ಉತ್ತರ ತರುವುದನ್ನು ಶಾಲೆಯಲ್ಲಿ ದಿನವೂ ಕಾಣುತ್ತೇವೆ.

ನಮ್ಮ ಜೋಳದ ಸಂಗತಿಯನ್ನೇ ನೋಡಿರಿ. ಅಮೆರಿಕದ ಆರ್ಕಿನ್, ವ್ಯಾಂಡರ್ಲಿಪ್, ರಿಚಿ ಎಂಬವರು 1976ರಲ್ಲಿ ಜೋಳದ ಮಾದರಿಯೊಂದನ್ನು ಪ್ರಕಟಿಸಿದರು. ಹೈದರಾಬಾದಿನ ಬಳಿ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯವರು ಅದನ್ನು ಹಾಗೆಯೇ ಒಪ್ಪಲಿಲ್ಲ. ನಮ್ಮ ದೇಶದ ಹಲವು ಕಡೆ ಜೋಳ ಬೆಳೆದು, ಕಂಡದ್ದನ್ನು ಬರೆದಿಟ್ಟು, ಯಂತ್ರದ ಉತ್ತರದೊಡನೆ ಹೋಲಿಸಿದರು. ಸರಿಹೊಂದಲಿಲ್ಲ. ಹಗಲಿನ ಉದ್ದ ಮತ್ತು ಉಷ್ಣತೆಗೆ ತಕ್ಕಂತೆ ಪೈರು ಮಾಗುವ ಬಗೆ, ನೆಲದ ನೀರಿನ ಲೆಕ್ಕ ಮುಂತಾದುವನ್ನು ತಿದ್ದಿದ ಮೇಲೆ ಹೊಂದಿಕೆ ಹೆಚ್ಚಿತು.

ಒರೆ ಹಚ್ಚುವಾಗ ಎರಡು ಎಚ್ಚರ ಬೇಕು. ಮಾದರಿಯನ್ನು ತಿದ್ದಲು ಬಳಸಿದ ವರ್ಷಗಳಿಂದಲೇ ಅದನ್ನು ಪರೀಕ್ಷಿಸಬಾರದು. ಹಲಗೆಯ ಮೇಲೆ ಬಿಡಿಸಿ ತೋರಿಸಿದ ಲೆಕ್ಕವನ್ನೇ ಪರೀಕ್ಷೆಗೆ ಕೊಟ್ಟಂತಾದೀತು. ಸರಾಸರಿಗೂ ಮರುಳಾಗಬಾರದು. ಎಕರೆಗೆ ಒಂದು ವರ್ಷ 2, ಮರುವರ್ಷ 8 ಕ್ವಿಂಟಲ್ ಬಂದಿತೆನ್ನಿ; ಯಂತ್ರ ಎರಡೂ ವರ್ಷ 5 ಎಂದಿತೆನ್ನಿ. ಸರಾಸರಿ ಸರಿಯೇ. ಆದರೆ ಬರದ ವರ್ಷ ಅದನ್ನು ನಂಬಿ ಸಾಲ ಮಾಡಿದವನಿಗೆ 3 ಕ್ವಿಂಟಲ್ ಖೋತಾ!

ಎರೆಯಲ್ಲಿ ಒಪ್ಪಿದ್ದು ಮಸಾರಿಯಲ್ಲಿ ಒಪ್ಪಲೇಬೇಕೆಂದಿಲ್ಲ. ಆದ್ದರಿಂದ ಪ್ರತಿ ಮನೆಯಲ್ಲೂ ಒಂದು ವಹಿ ಇರಲಿ: ಮಳೆ ಬಂದ ದಿನ, ಬಿತ್ತಿದ ದಿನ, ತೆನೆ ಹಾಯ್ದ ದಿನ, ತೂಗಿದ ರಾಶಿ. ಯಂತ್ರ ಹೇಳಿದ್ದನ್ನು ಸುಗ್ಗಿಗೆ ಮೊದಲೇ ಪಕ್ಕದಲ್ಲಿ ಬರೆಯಿರಿ. ನಾವೂ ಆ ನಷ್ಟದ ಮೇಲೆ ಬರೆಯತೊಡಗಿದ್ದೇವೆ. ಸಲಹೆ ಕೊಡುವವರು ಬಂದರೆ ಮರ್ಯಾದೆಯಿಂದ ಕೂಡಿಸಿ, ‘ಇದನ್ನು ಯಾವ ನೆಲದಲ್ಲಿ, ಯಾವ ವರ್ಷ ಒರೆಗೆ ಹಚ್ಚಿದ್ದೀರಿ?’ ಎಂದು ಕೇಳಿರಿ. ಬೀಜ ನಮ್ಮದು, ಕೇಳುವ ಹಕ್ಕೂ ನಮ್ಮದೇ.