ಹಿಮದ ನಾಡಿನ ಮೂಲಂಗಿ ಮತ್ತು ಉಪ್ಪಿನ ಭರಣಿ

ಜಪಾನಿಯರು ದೀರ್ಘಾಯುಷಿಗಳೆಂದು ನೀವು ಓದಿರುತ್ತೀರಿ. ಮೀನು, ತರಕಾರಿ, ಹಸಿರು ಚಹಾ ಎಂದು ಅದರ ಕಾರಣಗಳನ್ನೂ ಕೇಳಿರುತ್ತೀರಿ. ಆದರೆ ಅದೇ ಜಪಾನಿನ ನಡುಭಾಗದ ನಗಾನೊ ಎಂಬ ಬೆಟ್ಟದ ಪ್ರಾಂತದಲ್ಲಿ 1960ರ ದಶಕದಲ್ಲಿ ಪಾರ್ಶ್ವವಾಯುವಿನಿಂದ ಸಾಯುವವರ ಪ್ರಮಾಣ ತೀರಾ ಹೆಚ್ಚಿತ್ತು. ಅವರೂ ತರಕಾರಿಯನ್ನೇ ತಿನ್ನುತ್ತಿದ್ದರು. ಕೆಡುಕು ಇದ್ದದ್ದು ಅದನ್ನು ಕಾಪಿಡುತ್ತಿದ್ದ ಬಗೆಯಲ್ಲಿ.

ಅಲ್ಲಿ ಚಳಿಗಾಲವೆಂದರೆ ತಿಂಗಳುಗಟ್ಟಲೆ ಹಿಮ. ಆಗಸ್ಟ್ ಕೊನೆಯಲ್ಲಿ, ಸೆಪ್ಟೆಂಬರಿನಲ್ಲಿ ಬಿತ್ತಿದ ಮೂಲಂಗಿ, ಉದ್ದನೆಯ ಚೀನೀ ಎಲೆಕೋಸು, ನೊಝಾವನ ಎಂಬ ಸೊಪ್ಪು ನವೆಂಬರ್ ಹೊತ್ತಿಗೆ ಕೊಯ್ಲಿಗೆ ಬರುತ್ತವೆ. ಎಲೆಕೋಸಿನ ಹೊರ ಎಲೆಗಳನ್ನು ಮೇಲಕ್ಕೆತ್ತಿ ದಾರದಿಂದ ಕಟ್ಟಿಬಿಟ್ಟರೆ ಇಬ್ಬನಿ ಹೆಪ್ಪುಗಟ್ಟಿದರೂ ಒಳಗಿನ ತಿರುಳು ಕೆಡುವುದಿಲ್ಲ. ಕಿತ್ತ ಮೂಲಂಗಿಯ ಸೊಪ್ಪು ಕತ್ತರಿಸಿ ಮಣ್ಣಿನಲ್ಲಿ ಹೂತಿಡುತ್ತಾರೆ. ಕೆಲವೆಡೆ ಎಲೆಕೋಸನ್ನು ಹಿಮದಡಿಯಲ್ಲೇ ಬಿಟ್ಟು ಬೇಕಾದಾಗ ಅಗೆದು ತರುತ್ತಾರೆ. ಚಳಿ ತಾಗಿದ ತರಕಾರಿ ಸಿಹಿಯಾಗಿರುತ್ತದೆ. ತನ್ನೊಳಗಿನ ನೀರು ಹೆಪ್ಪುಗಟ್ಟದಿರಲೆಂದು ಗಿಡವು ಎಲೆಗಳಲ್ಲಿ ಸಕ್ಕರೆಯಂಶವನ್ನು ಹೆಚ್ಚಿಸಿಕೊಳ್ಳುತ್ತದೆ. ಪಾಲಕ್ ಎಲೆಗೂ ಚಳಿ ತಡೆಯುವ ಉಪಾಯವನ್ನು ಅಲ್ಲಾಹನು ಕೊಟ್ಟಿದ್ದಾನೆ.

ಉಳಿದ ಫಸಲೆಲ್ಲ ಉಪ್ಪಿನ ಪೀಪಾಯಿಗೆ ಹೋಗುತ್ತಿತ್ತು. ಬೇರೆ ದಾರಿಯೂ ಇರಲಿಲ್ಲ. ಊಟಕ್ಕೆ ಉಪ್ಪು ಹಾಕಿದ ಸೊಪ್ಪು, ಬೆಳಗ್ಗೆ ಹತ್ತಕ್ಕೆ ಚಹಾದೊಂದಿಗೆ ಅದೇ, ಅತಿಥಿ ಬಂದರೂ ಅದೇ. ಅದರ ಮೇಲೆ ಮತ್ತೆ ಸೋಯಾ ಸಾಸ್ ಸುರಿದುಕೊಳ್ಳುವ ರೂಢಿ ಬೇರೆ. ಜೊತೆಗೆ ಹೊತ್ತುಹೊತ್ತಿಗೂ ಮಿಸೊ ಸಾರು. ಮಿಸೊ ಎಂದರೆ ಸೋಯಾ ಕಾಳನ್ನು ಉಪ್ಪು ಬೆರೆಸಿ ಹುದುಗಿಸಿದ ಮುದ್ದೆ. ಹೀಗೆ ಏರಿದ ರಕ್ತದೊತ್ತಡಕ್ಕೆ ಬೆಚ್ಚಗಿಲ್ಲದ ಮನೆಗಳೂ ಸೇರಿಕೊಂಡವು. ರಾತ್ರಿ ಹಾಸಿಗೆಯಿಂದೆದ್ದು ಕೊರೆಯುವ ಚಳಿಯಲ್ಲಿ ಶೌಚಕ್ಕೆ ಹೋದಾಗ ಒತ್ತಡ ಥಟ್ಟನೆ ಏರುತ್ತದೆ. ವಯಸ್ಸಾದವರು ಅಲ್ಲೇ ಕುಸಿಯುತ್ತಿದ್ದರು.

1945ರಲ್ಲಿ ಸಾಕು ಎಂಬಲ್ಲಿನ ಆಸ್ಪತ್ರೆಗೆ ಬಂದ ಡಾ. ವಕಾತ್ಸುಕಿ ತೊಶಿಕಾಝು, ರೋಗಿಗಳು ಬರಲೆಂದು ಕಾಯಲಿಲ್ಲ. ತಾವೇ ಹಳ್ಳಿಗಳಿಗೆ ಹೋದರು. ಆಸ್ಪತ್ರೆಯವರನ್ನು ಕಟ್ಟಿಕೊಂಡು ನಾಟಕವಾಡಿ ಆರೋಗ್ಯದ ಪಾಠ ಹೇಳಿದರು. 1959ರಿಂದ ಯಾಚಿಹೊ ಎಂಬ ಹಳ್ಳಿಯ ಎಲ್ಲರಿಗೂ ವರ್ಷವರ್ಷ ತಪಾಸಣೆ ಆರಂಭವಾಯಿತು. 1976ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆದರೆ ಅಡುಗೆಮನೆಯೊಳಗೆ ಬದಲಾವಣೆ ತಂದವರು ಊರಿನ ಹೆಂಗಸರು. ಆರೋಗ್ಯ ಸ್ವಯಂಸೇವಕಿಯರಾಗಿ ಮನೆಮನೆಗೆ ಹೋಗಿ ಸಾರಿಗೆ ಉಪ್ಪಿನ ಮಾಪಕ ಅದ್ದಿ ತೋರಿಸಿದರು. ನನಗನಿಸುವಂತೆ ವೈದ್ಯರ ಹತ್ತು ಭಾಷಣಕ್ಕಿಂತ ನೆರೆಮನೆಯಾಕೆಯ ಒಂದು ಮಾತು ಗೃಹಿಣಿಯ ಮನಸ್ಸಿಗೆ ನಾಟುತ್ತದೆ.

ಅವರೇನೂ ಉಪ್ಪಿನ ಸೊಪ್ಪನ್ನು ಬಿಡಿ ಎನ್ನಲಿಲ್ಲ. ರಾಶಿ ಹಾಕಿಡುವ ಬದಲು ಪುಟ್ಟ ತಟ್ಟೆಯಲ್ಲಿ ಬಡಿಸಿ, ಸೋಯಾ ಸಾಸ್ ಸುರಿಯದೆ ಅದ್ದಿ ತಿನ್ನಿ, ನೂಡಲ್ಸಿನ ರಸ ಪೂರ್ತಿ ಕುಡಿಯಬೇಡಿ, ಸಾರಿಗೆ ಮೂಲಂಗಿ, ಎಲೆಕೋಸು ತುಂಬ ಹಾಕಿ ಎಂದರು. ಬಟ್ಟಲು ತರಕಾರಿಯಿಂದ ತುಂಬಿದರೆ ಉಪ್ಪಿನ ನೀರಿಗೆ ಜಾಗವೆಲ್ಲಿ? ಮನೆಯಲ್ಲಿ ಒಂದು ಕೋಣೆಯನ್ನಾದರೂ ಬೆಚ್ಚಗಿಡಿ ಎಂಬ ಪ್ರಚಾರವೂ ನಡೆಯಿತು. 2010ರ ಲೆಕ್ಕದಲ್ಲಿ ಜಪಾನಿನ ಎಲ್ಲ ಪ್ರಾಂತಗಳ ಪೈಕಿ ನಗಾನೊದವರ ಸರಾಸರಿ ಆಯುಷ್ಯವೇ ಹೆಚ್ಚು: ಗಂಡಸರದ್ದು 80.88, ಹೆಂಗಸರದ್ದು 87.18 ವರ್ಷ.

ಜಪಾನಿನಲ್ಲಿರುವ ಎಷ್ಟೋ ಮುಸ್ಲಿಮ್ ಕುಟುಂಬಗಳು ಮಿಸೊ, ಸೋಯಾ ಸಾಸ್ ಕೊಳ್ಳುವಾಗ ಮದ್ಯಸಾರ ಸೇರಿದೆಯೇ ಎಂದು ಪೊಟ್ಟಣ ತಿರುಗಿಸಿ ನೋಡುತ್ತವೆ. ಉಪ್ಪಿನ ಅಂಕಿಯೂ ಅದೇ ಪೊಟ್ಟಣದ ಮೇಲಿರುತ್ತದೆ. ಹಲಾಲ್ ನೋಡುವ ಕಣ್ಣು ಅದನ್ನೂ ನೋಡಲಿ.

ನಿಮ್ಮ ಮನೆಯ ಭರಣಿಯನ್ನೂ ಒಮ್ಮೆ ನೆನೆಯಿರಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ ಉಪ್ಪು 5 ಗ್ರಾಂಗಿಂತ ಕಡಿಮೆ ಇರಬೇಕು. ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಒಣಮೀನು, ಬೇಕರಿ ತಿಂಡಿ ಎಲ್ಲದರ ಉಪ್ಪೂ ಅದರೊಳಗೇ ಬರಬೇಕು. ಸಹರಿಗೆ ಒಣಮೀನು ತಿಂದ ದಿನ ಉಪವಾಸದಲ್ಲಿ ಬಾಯಾರಿಕೆ ಎಷ್ಟೆಂಬುದು ನಿಮಗೇ ಗೊತ್ತು. ಉಪ್ಪನ್ನು ಒಮ್ಮೆಲೇ ಇಳಿಸಿದರೆ ಮನೆಮಂದಿ ತಟ್ಟೆ ದೂಡಿಯಾರು. ಸ್ವಲ್ಪ ಸ್ವಲ್ಪವಾಗಿ ಇಳಿಸಿದರೆ ಕೆಲವು ವಾರಗಳಲ್ಲಿ ನಾಲಗೆ ಒಗ್ಗಿಕೊಳ್ಳುತ್ತದೆ. ಲಿಂಬೆರಸ, ಶುಂಠಿ, ಕರಿಮೆಣಸು ನೆರವಿಗಿವೆ.

ಬಿ.ಪಿ. ಮಾತ್ರೆ ನುಂಗುವವರು ಉಪ್ಪು ಇಳಿಸಿದೆವೆಂದು ಮಾತ್ರೆ ನಿಲ್ಲಿಸಬಾರದು. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬೇಡಿ.