ನೆತ್ತರು ಹೇಳುವ ಸಾಕ್ಷಿ

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ವ್ಯಾಧಿಯು ಹೆಚ್ಚಾಗಿ ೨೦ರಿಂದ ೪೦ರ ವಯಸ್ಸಿನಲ್ಲಿ, ಎಂದರೆ ನಮ್ಮಂತಹ ತರುಣ ತರುಣಿಯರಲ್ಲಿಯೇ, ತಲೆದೋರುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ, ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ಮಿದುಳು ಬೆನ್ನುಹುರಿಗಳ ನರತಂತುಗಳ ಹೊದಿಕೆಯನ್ನು ಕೆಡಿಸುತ್ತದೆ. ಬರಬರುತ್ತ ತಂತುಗಳೂ ನಾಶವಾಗುತ್ತವೆ.

ಇದರ ತೀವ್ರತೆಯನ್ನು ಅಳೆಯಲು ಅಮೆರಿಕದ ವೈದ್ಯರಾದ ಕುರ್ಟ್ಸ್ಕೆಯವರು ೧೯೮೩ರಲ್ಲಿ ಸೊನ್ನೆಯಿಂದ ಹತ್ತರವರೆಗಿನ ಒಂದು ಮಾನವನ್ನು ಪ್ರಕಟಿಸಿದರು. ಆದರೆ ಅದು ನಡಿಗೆ, ದೃಷ್ಟಿ ಮುಂತಾದುವುಗಳಲ್ಲಿ ಹೊರಗೆ ಕಂಡ ನಷ್ಟವನ್ನು ಮಾತ್ರ ಹೇಳಬಲ್ಲದು. ರೋಗಿಯು ನೆಟ್ಟಗೆ ನಡೆಯುತ್ತಿರುವಾಗಲೇ ಒಳಗೆ ಸಾಗಿರುವ ಹಾನಿಯನ್ನು ಅರಿಯುವುದೆಂತು?

ನರತಂತುವಿಗೆ ಆಧಾರವಾಗಿರುವ ನ್ಯೂರೋಫಿಲಮೆಂಟ್ ಲೈಟ್ ಎಂಬ ಪ್ರೋಟೀನು, ತಂತು ಕೆಟ್ಟಾಗ ಬೆನ್ನುಹುರಿಯ ದ್ರವಕ್ಕೂ ಅಲ್ಲಿಂದ ಅತ್ಯಲ್ಪವಾಗಿ ರಕ್ತಕ್ಕೂ ಸೇರುತ್ತದೆ. ಹಿಂದೆ ಇದನ್ನು ಅಳೆಯಲು ಬೆನ್ನಿಗೆ ಸೂಜಿ ಚುಚ್ಚಬೇಕಾಗಿತ್ತು. ಈಗಿನ ಸೂಕ್ಷ್ಮೋಪಕರಣಗಳು ರಕ್ತದಲ್ಲಿಯೇ, ಗ್ರಾಮಿನ ಲಕ್ಷಕೋಟಿಯಲ್ಲಿ ಕೆಲವೇ ಪಾಲಿದ್ದರೂ, ಅದನ್ನು ಗುರುತಿಸಬಲ್ಲವು. ರೋಗ ಮರುಕಳಿಸಿದಾಗ ಸಾಮಾನ್ಯವಾಗಿ ಇದರ ಪ್ರಮಾಣ ಏರುತ್ತದೆ. ಔಷಧ ಫಲಿಸಿದರೆ ಇಳಿಯುತ್ತದೆ.

ಆದರೆ ವಯಸ್ಸೇರಿದಂತೆಯೂ, ತಲೆಗೆ ಪೆಟ್ಟು ಬಿದ್ದಾಗಲೂ ಇದು ಹೆಚ್ಚುವುದುಂಟು. ಆದುದರಿಂದ ಈ ರಕ್ತಪರೀಕ್ಷೆಯು ಹಾನಿಗೆ ಸಾಕ್ಷಿಯೇ ಹೊರತು ತೀರ್ಪುಗಾರನಲ್ಲ. ಎಂ.ಆರ್.ಐ. ಚಿತ್ರವನ್ನೂ ರೋಗಿಯ ಮಾತನ್ನೂ ಜೊತೆಗಿಟ್ಟು ನೋಡಿದಾಗಲೇ ಈ ಸಾಕ್ಷಿಯ ನುಡಿಗೆ ಬೆಲೆ. ಆಗ, ಕಾಲು ಸೋಲುವ ಮುನ್ನವೇ ಔಷಧವನ್ನು ಬದಲಿಸಲು ವೈದ್ಯರಿಗೆ ಅವಕಾಶ ದೊರೆಯಬಹುದು.